ಕೋವಲಸ್ವಾಮಿಗಳ ಕುದುರೆ

ನಿಂಬೆಹಣ್ಣಿನ ಗಾತ್ರದ ಆ ಹುಣಸೆಹಣ್ಣು ನ್ಯಾಯವಾಗಿ ಸಾರಿಗೆ ಹೋಗಿದ್ದರೆ ಸತೀಶನ ಶನಿವಾರ ಸುಖವಾಗಿ ಕಳೆದುಹೋಗುತ್ತಿತ್ತು. ಆದರೆ ಅವನ ಅತ್ತೆ ಲಲಿತಮ್ಮನವರು ಆ ದಿನ ಬೆಳಗಿನ ಆರು ಗಂಟೆಗೆ ಸಾರಿನ ಯೋಚನೆಯಲ್ಲಿರಲಿಲ್ಲ. ಅವರ ಕಣ್ಣು ಹಾಲ್‌ನ ಕಿಟಕಿಯ ಬಳಿ ನಿಂತಿದ್ದ ಕುದುರೆಯ ಮೇಲಿತ್ತು.

ಒಂಬತ್ತು ಇಂಚು ಎತ್ತರದ ಕಂಚಿನ ಕುದುರೆ ಅದು. ಮುಂಗಾಲೊಂದನ್ನು ಎತ್ತಿ, ಕತ್ತು ಹಿಂದಕ್ಕೆ ಹೊರಳಿಸಿ, ಯಾರೋ ಬರುತ್ತಿದ್ದಾರೆ ಸ್ವಲ್ಪ ತಾಳೋಣ ಎಂಬಂತೆ ನಿಂತಿತ್ತು. ಮೈಬಣ್ಣ ಕಪ್ಪು. ಕಪ್ಪೆಂದರೆ ಬರಿಯ ಕಪ್ಪಲ್ಲ; ಬೆನ್ನಿನ ಮೇಲೆ ಹುರಿದ ಕಾಫಿಬೀಜದ ಕಂದು, ಹೊಟ್ಟೆಯ ಅಡಿಯಲ್ಲಿ ಪಾಚಿಯ ಹಸಿರು. ಅದು ಸತೀಶನದಲ್ಲ, ಪಕ್ಕದ ಮನೆಯ ಕೊವಾಲ್ಸ್ಕಿಯವರದು. ಆ ಹೆಸರು ಲಲಿತಮ್ಮನವರ ನಾಲಿಗೆಗೆ ಒಗ್ಗದೆ, ಅವರು ಮೈಸೂರಿನಿಂದ ಶಿಕಾಗೊ ಪಕ್ಕದ ನೇಪರ್‌ವಿಲ್‌ಗೆ ಬಂದ ವಾರದಲ್ಲೇ ಆತ ಕೋವಲಸ್ವಾಮಿಗಳಾಗಿಬಿಟ್ಟಿದ್ದರು.

ಕುದುರೆಯನ್ನು ಮಾಡಿದವರು ಅವರ ಹೆಂಡತಿ ಹೆಲೆನ್. ಆಕೆ ಮೂವತ್ತು ವರ್ಷ ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ದೊಡ್ಡ ಕಾರು ಕಂಪನಿಯೊಂದರ ಡಿಸೈನ್ ವಿಭಾಗದಲ್ಲಿದ್ದರು. ಇನ್ನೂ ಹುಟ್ಟದ ಕಾರುಗಳನ್ನು ಜೇಡಿಮಣ್ಣಿನಲ್ಲಿ ಮಾಡಿ ತಿದ್ದುವುದು ಅವರ ಕೆಲಸ. ಹಗಲೆಲ್ಲ ಬಾನೆಟ್ಟು ಬಂಪರು ತಿದ್ದಿ, ಸಂಜೆ ಮನೆಗೆ ಬಂದು, ತಮ್ಮ ಖುಷಿಗೆಂದು ಹನ್ನೊಂದು ತಿಂಗಳು ಕೂತು ಈ ಕುದುರೆಯನ್ನು ಮಾಡಿದ್ದರು. ಕಂಚಿನಲ್ಲಿ ಎರಕ ಹೊಯ್ಯಿಸಿದ್ದು ಒಂದೇ ಒಂದು. ನಿವೃತ್ತರಾದ ಮೇಲೆ ಗಂಡ ಹೆಂಡತಿ ಇಬ್ಬರೂ ಈ ಊರಿಗೆ ಬಂದಿದ್ದರು. ಹೆಲೆನ್ ಹೋಗಿ ಆರು ವರ್ಷವಾಗಿತ್ತು. ಮುದುಕನಿಗೆ ಉಳಿದದ್ದು ಕುದುರೆ.

ಸತೀಶ ಆ ಮನೆಯ ಪಕ್ಕಕ್ಕೆ ಬಂದು ಐದು ವರ್ಷ. ಅವನದು ಎಚ್ಚರವಿದ್ದೇ ಕನಸು ಕಾಣುವ ಜಾತಿ. ಆಫೀಸಿನ ಮೀಟಿಂಗುಗಳಲ್ಲಿ ಕ್ಯಾಮೆರಾ ಆಫ್ ಮಾಡಿ ಮೋಡ ನೋಡುತ್ತಾನೆ. ಹೆಸರು ಹಿಡಿದು ಕರೆದಾಗ ‘ಐ ಅಗ್ರೀ’ ಎನ್ನುತ್ತಾನೆ. ಹೀಗೆ ಒಪ್ಪಿಕೊಂಡು ಒಪ್ಪಿಕೊಂಡೇ ಎರಡು ಪ್ರಮೋಷನ್ ಸಂಪಾದಿಸಿದ್ದ. ಸಂಜೆ ಹೊತ್ತು ಕೊವಾಲ್ಸ್ಕಿಯವರ ಗ್ಯಾರೇಜಿನ ಬಾಗಿಲು ತೆರೆದಿರುತ್ತಿತ್ತು, ಒಳಗೆ ಎರಡು ಮಡಿಸುವ ಕುರ್ಚಿ. ಅವರು ಹೆಲೆನ್ ಕತೆ ಹೇಳುವರು, ಇವನು ಕೇಳುತ್ತ ಕೇಳುತ್ತ ತನ್ನದೇ ಲೋಕಕ್ಕೆ ಹೋಗುವನು, ಅವರು ಬೇಸರಿಸದೆ ಅದೇ ಕತೆಯನ್ನು ಮರುದಿನ ಮತ್ತೆ ಹೇಳುವರು. ಹನ್ನೆರಡು ವರ್ಷದ ಅಮೆರಿಕದಲ್ಲಿ ಸತೀಶ ಫೋನ್ ಮಾಡದೆ ಹೋಗಬಹುದಾಗಿದ್ದ ಮನೆ ಅದೊಂದೇ.

ಆಗಸ್ಟಿನಲ್ಲಿ ಮುದುಕ ತಮ್ಮದೇ ಮೇಲ್‌ಬಾಕ್ಸಿಗೆ ಎರಡು ಸಲ ಕಾರು ಗುದ್ದಿದರು. ವಾರೆನ್‌ನಿಂದ ಮಗಳು ಬಂದು ಕಾರಿನ ಕೀ ತೆಗೆದುಕೊಂಡಳು, ಮನೆ ಮಾರಿಸಿದಳು, ಅಪ್ಪನನ್ನು ತನ್ನ ಮನೆಗೆ ಕರೆದೊಯ್ಯಲು ನಿಂತಳು. ಹೊರಡುವ ದಿನ ಕೊವಾಲ್ಸ್ಕಿ ಕುದುರೆಯನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಸತೀಶನ ಎರಡು ಕೈಗೂ ಕೊಟ್ಟರು. ಸಾಮಾನು ಸಾಗಿಸುವವರ ಲಾರಿಯಲ್ಲಿ ಹೆಲೆನ್‌ಳನ್ನು ಕಳಿಸಲಾರೆ ಎಂದರು. ಮುಂದಿನ ಶನಿವಾರ ತಮ್ಮ ಎಂಬತ್ತಮೂರನೆಯ ಹುಟ್ಟುಹಬ್ಬ, ಸಂಜೆ ಆರಕ್ಕೆ ಊಟ, ನೀನೇ ತಂದುಕೊಡು ಎಂದರು. ಇಷ್ಟು ಬೆಲೆಬಾಳುವ ನಂಬಿಕೆಯನ್ನು ಈ ದೇಶದಲ್ಲಿ ಯಾರೂ ಅವನ ಕೈಗೆ ಇಟ್ಟಿರಲಿಲ್ಲ.

ಆ ವಾರವೆಲ್ಲ ಅವನು ಕಾಫಿ ಹಿಡಿದು ಕುದುರೆಯ ಮುಂದೆ ಕೂತ. ಮುಸ್ಸಂಜೆಯ ಬೆಳಕಿನಲ್ಲಿ ಅದು ಎತ್ತಿದ ಕಾಲನ್ನು ಇಗೋ ಇಳಿಸಿತು ಎನ್ನಿಸುವುದು. ಅವನು ಉಸಿರು ಬಿಗಿಹಿಡಿಯುವನು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, ಕಸದ ಡಬ್ಬಿ ರಸ್ತೆಗೆ ಇಟ್ಟಾಯಿತೇ ಎಂದು ಕೇಳುವಳು. ಕುದುರೆ ಕಾಲು ಇಳಿಸುತ್ತಿರಲಿಲ್ಲ.

ಈಗ ಹುಣಸೆಹಣ್ಣಿಗೆ ಬರೋಣ. ನವರಾತ್ರಿ ನಡೆದಿತ್ತು. ಲಲಿತಮ್ಮನವರು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಪಟ್ಟದ ಗೊಂಬೆಗಳ ಜೋಡಿಯನ್ನು ಹೊತ್ತು ತಂದು, ಖಾಲಿ ರಟ್ಟಿನ ಪೆಟ್ಟಿಗೆಗಳನ್ನೇ ಮೆಟ್ಟಿಲು ಮಾಡಿ, ಮೇಲೆ ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸಿದ್ದರು. ರಾಜ, ರಾಣಿ, ಶೆಟ್ಟಿ, ಶೆಟ್ಟಿತಿ, ಮೊಮ್ಮಗಳು ಸಿಯಾಳ ಎರಡು ಡೈನೋಸಾರು, ಎಲ್ಲ ಇದ್ದವು. ಮೈಸೂರಿನವರ ದಸರೆಯಲ್ಲಿ ಪಟ್ಟದ ಕುದುರೆ ಇಲ್ಲ ಎಂದರೇನು? ಕಿಟಕಿಯ ಬಳಿಯೇ ಒಂದು ಕುದುರೆ ಸುಮ್ಮನೆ ನಿಂತಿದೆ. ಆದರೆ ಮೈತುಂಬ ಕಿಲುಬು. ಪಾಪ, ಹೆಂಗಸಿಲ್ಲದ ಮನೆಯ ವಸ್ತು, ಆರು ವರ್ಷದಿಂದ ಯಾರೂ ಮುಟ್ಟಿ ತೊಳೆದಿಲ್ಲ ಎಂದು ಅವರ ಕರುಳು ಚುರುಕ್ ಎಂದಿತು. ಸ್ನಾನ ಮುಗಿಸಿ, ಹುಣಸೆಹಣ್ಣಿಗೆ ಕಲ್ಲುಪ್ಪು ಬೆರೆಸಿ, ಅರ್ಧ ಗಂಟೆ ತಿಕ್ಕಿದರು.

ಏಳೂವರೆಗೆ ಸತೀಶ ಕೆಳಗಿಳಿದು ಬಂದಾಗ ಪೂರ್ವದ ಕಿಟಕಿಯಿಂದ ಬಿಸಿಲು ನೇರವಾಗಿ ಗೊಂಬೆಗಳ ಮೇಲೆ ಬೀಳುತ್ತಿತ್ತು. ಮೂರನೆಯ ಮೆಟ್ಟಿಲ ಮೇಲೆ ಬಂಗಾರದ ಕುದುರೆಯೊಂದು ನಿಂತಿತ್ತು. ಹಣೆಗೆ ಕುಂಕುಮ, ಕತ್ತಿಗೆ ವರಾಂಡದ ಕುಂಡದ ಹಳದಿ ಸೇವಂತಿಗೆ. ರಾತ್ರಿಯ ಕನಸು ಇನ್ನೂ ಮುಗಿದಿಲ್ಲ ಎಂದುಕೊಂಡು ಅವನು ನಗುನಗುತ್ತ ಹತ್ತಿರ ಹೋದ. ಇಷ್ಟು ಚೆಂದದ್ದನ್ನು ಅವನು ನೋಡಿರಲಿಲ್ಲ. ಆಮೇಲೆ ಕಿಟಕಿಯ ಕಡೆ ತಿರುಗಿದ. ಅಲ್ಲಿ ಏನೂ ಇರಲಿಲ್ಲ.

“ಅತ್ತೆ,” ಎಂದ.

“ನೋಡಿ ಹೇಗೆ ಬಂತು. ಮೂರು ನೀರು ಕಪ್ಪಗೇ ಹೋಯ್ತು. ಕೋವಲಸ್ವಾಮಿಗಳಿಗೆ ಗುರುತೇ ಸಿಗಲ್ಲ,” ಎಂದರು ಲಲಿತಮ್ಮ.

ಅದೇ ಭಯ ಸತೀಶನಿಗೂ. ಹೆತ್ತ ತಾಯಿಯಾಗಿದ್ದರೆ ಕೂಗಾಡಬಹುದಿತ್ತು. ಅತ್ತೆಯ ಮೇಲೆ ಅಳಿಯ ಹೇಗೆ ಕೂಗಾಡುತ್ತಾನೆ? ಹೆಂಡತಿ ಬಂದು ನೋಡಿ ಅಮ್ಮನಿಗೆ ಏನೂ ಹೇಳದೆ, ನೀವು ಅದನ್ನ ಎತ್ತಿ ಒಳಗಿಡಬೇಕಿತ್ತು ಎಂದು ಗಂಡನಿಗೇ ಹೇಳಿದಳು. ಸಿಯಾ ಫೋನಿನಿಂದ ತಲೆ ಎತ್ತಿ, “ಲುಕ್ಸ್ ಬೆಟರ್,” ಎಂದು ಮತ್ತೆ ತಲೆ ತಗ್ಗಿಸಿದಳು.

ಅದೇ ಹೊತ್ತಿಗೆ ವಿಜಯ್ ಕುಮಾರ್ ಬಂದ. ಎರಡು ಮನೆ ಆಚೆ ಇರುವ ಈತ ಪ್ರತಿ ಶನಿವಾರ ಕಾಫಿಗೆ ಬರುತ್ತಾನೆ. ಯಾವ ವಿಷಯ ಕೇಳಿದರೂ ‘ಗೊತ್ತಿಲ್ಲ’ ಎಂದು ಆತ ಹೇಳಿದ್ದನ್ನು ಆ ಬಡಾವಣೆಯಲ್ಲಿ ಯಾರೂ ಕೇಳಿಲ್ಲ. ಕುದುರೆಯನ್ನು ಎತ್ತಿ, ತಿರುಗಿಸಿ, ಹೊಟ್ಟೆಯ ಕೆಳಗೆ ಇಣುಕಿ, ಸಾವಿನ ಮನೆಗೆ ಬಂದವನ ಹಾಗೆ ನಿಟ್ಟುಸಿರು ಬಿಟ್ಟ.

“ಸತೀಶ್, ಇದು ಕೊಳೆ ಅಲ್ಲ ಕಣೋ, ಪ್ಯಾಟಿನಾ ಅಂತಾರೆ. ಹಳೇ ಕಂಚಿಗೆ ಅದೇ ಜೀವ. ಮಾಡಿದವರು ತಾವೇ ಆಸಿಡ್ ಹಾಕಿ, ಬೆಂಕಿ ತೋರಿಸಿ, ಆ ಬಣ್ಣ ತರ್ತಾರೆ. ಅಂದ್ರೆ ನೀವು ತೊಳೆದಿರೋದು ಆಯಮ್ಮನ ಕೈಗುರುತು.”

ಜೊತೆಗೆ ಫೋನಿನಲ್ಲಿ ಒಂದು ವಿಡಿಯೋ ಹುಡುಕಿ ತೋರಿಸಿದ. ಬಿಳಿ ಕೈಗವಸು ಹಾಕಿದ ಯಾರೋ ಮ್ಯೂಸಿಯಮ್ಮಿನವರು, ಹೀಗೆಯೇ ತೊಳೆದ ಪ್ರತಿಮೆಯೊಂದರ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದರು. ಸತೀಶ ಡೈನೋಸಾರುಗಳ ಪಕ್ಕದಲ್ಲೇ ಕೂತುಬಿಟ್ಟ. ಮುದುಕನಿಗೆ ಈ ಲೋಕದಲ್ಲಿ ಉಳಿದಿದ್ದದ್ದು ಒಂದು ವಸ್ತು. ಅದನ್ನು ನಂಬಿ ಕೊಟ್ಟದ್ದು ಒಬ್ಬನ ಕೈಗೆ. ಅವನ ಮನೆಯಲ್ಲಿ ಅದನ್ನು ಸಾರಿನ ಪಾತ್ರೆಯ ಹಾಗೆ ಬೆಳಗಿದ್ದಾರೆ.

ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದು ಸರಿ ಎಂದು ಅವನಿಗೆ ಗೊತ್ತಿತ್ತು. ನಂಬರನ್ನೂ ತೆಗೆದ. ಆದರೆ ಆ ಕಡೆ ಮುದುಕನ ಮುಖ ಹೇಗಾದೀತು ಎಂದು ಕಣ್ಣಮುಂದೆ ಬಂತು, ಬೆರಳು ಮುಂದೆ ಹೋಗಲಿಲ್ಲ. ಕನಸು ಕಾಣುವವರ ಕಷ್ಟ ಇದು. ಆಗದೇ ಇರುವುದೂ ಸ್ಪಷ್ಟವಾಗಿ ಕಾಣಿಸುತ್ತದೆ. ವಾರೆನ್‌ನಲ್ಲಿ ಆರು ಗಂಟೆ ಎಂದರೆ ಇಲ್ಲಿ ಐದು. ಮುನ್ನೂರು ಮೈಲಿ ಡ್ರೈವು. ಹನ್ನೆರಡಕ್ಕೆ ಮನೆ ಬಿಡಬೇಕು. ಅಷ್ಟರೊಳಗೆ ಕುದುರೆಯನ್ನು ಮತ್ತೆ ಕಪ್ಪು ಮಾಡಬೇಕು.

ಕೂರಿಸಿದ ಗೊಂಬೆಯನ್ನು ದಶಮಿಯವರೆಗೆ ಕದಲಿಸುವ ಹಾಗಿಲ್ಲ ಎಂದು ಲಲಿತಮ್ಮ ಅಡ್ಡ ನಿಂತರು. “ಬಟ್ ಅಜ್ಜಿ, ಇಟ್ಸ್ ಸ್ಟ್ಯಾಂಡಿಂಗ್,” ಎಂದಳು ಸಿಯಾ. ನಿಂತ ಗೊಂಬೆಗೆ ಶಾಸ್ತ್ರ ಏನು ಹೇಳುತ್ತದೆಂದು ಅವರು ಯೋಚಿಸುವಷ್ಟರಲ್ಲಿ ಕುದುರೆ ಬಾಗಿಲು ದಾಟಿತ್ತು.

ವಿಜಯ್ ಕುಮಾರನ ಉಪಾಯ ಮೊಟ್ಟೆ. ಬೇಯಿಸಿದ ಮೊಟ್ಟೆಯನ್ನು ಬಿಸಿಬಿಸಿಯಾಗಿ ಕಿವುಚಿ, ಕಂಚಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಅದರ ಗಂಧಕಕ್ಕೆ ಕಂಚು ಕಪ್ಪಾಗುತ್ತದಂತೆ. ಲಲಿತಮ್ಮನವರ ನವರಾತ್ರಿಯ ಅಡುಗೆಮನೆಯಲ್ಲಿ ಆ ಮಾತನ್ನು ಎತ್ತುವ ಹಾಗೂ ಇರಲಿಲ್ಲ. ವಿಜಯ್ ಕುಮಾರನ ಗ್ಯಾರೇಜಿನಲ್ಲಿ ಕ್ಯಾಂಪಿಂಗ್ ಸ್ಟೌ ಹಚ್ಚಿ ಹದಿನೆಂಟು ಮೊಟ್ಟೆ ಬೇಯಿಸಿದರು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಸತೀಶ ಮುಖವನ್ನು ಒಂದು ಕಡೆಗೆ ತಿರುಗಿಸಿ, ಕೈಯನ್ನು ಇನ್ನೊಂದು ಕಡೆಗೆ ಚಾಚಿ, ಹದಿನೆಂಟನ್ನೂ ಕಿವುಚಿದ. ಕುದುರೆಯನ್ನೂ ಮೊಟ್ಟೆಯನ್ನೂ ಪಿಕ್‌ನಿಕ್ಕಿನ ಕೂಲರಿನಲ್ಲಿ ತುಂಬಿ, ಮುಚ್ಚಳ ಏಳದಿರಲೆಂದು ಅವನೇ ಅದರ ಮೇಲೆ ಕೂತ.

ಆ ಒಂದು ಗಂಟೆ ಮಾತ್ರ ಸುಖವಾಗಿತ್ತು. ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನ ಎಳೆಬಿಸಿಲು, ಮೇಪಲ್ ಮರದ ತುದಿಯಲ್ಲಿ ಮೊದಲ ಕೆಂಪು. ಆಕಾಶದಲ್ಲಿ ಬಾತುಗಳ ಸಾಲೊಂದು ದಕ್ಷಿಣಕ್ಕೆ ಹೋಗುತ್ತಿತ್ತು. ತನ್ನ ಕೆಳಗೆ, ಕತ್ತಲಲ್ಲಿ, ಒಂದು ಕುದುರೆ ನಿಧಾನವಾಗಿ ರಾತ್ರಿಯ ಬಣ್ಣಕ್ಕೆ ತಿರುಗುತ್ತಿದೆ ಎಂದು ನೆನೆದು ಅವನಿಗೆ ನಿದ್ದೆಯಂಥದ್ದು ಬಂತು. ವಿಜಯ್ ಕುಮಾರ್ ತಟ್ಟಿ ಎಬ್ಬಿಸಿದ. ಮುಚ್ಚಳ ತೆಗೆದು ನೋಡಿದರೆ ಕುದುರೆ ರಾತ್ರಿಯ ಬಣ್ಣಕ್ಕೆ ತಿರುಗಿರಲಿಲ್ಲ, ಸೀಮೆಹಸುವಾಗಿತ್ತು. ಮೊಟ್ಟೆ ತಾಕಿದ ಕಡೆ ಕಂದು ತೇಪೆ, ಮಿಕ್ಕಲ್ಲಿ ಬಂಗಾರ.

ವಾಸನೆ ಹಿಡಿದು ವಿಜಯ್ ಕುಮಾರನ ಹೆಂಡತಿ ಲತಾಶ್ರೀ ಗ್ಯಾರೇಜಿಗೆ ಬಂದಳು. ಧಾರವಾಡದವಳು, ಗಂಡನ ವಿಜ್ಞಾನದ ಮೇಲೆ ಅವಳಿಗೆ ಮದುವೆಯಾದ ವರ್ಷವೇ ನಂಬಿಕೆ ಹೋಗಿತ್ತು.

“ಕಾಡಿಗಿ ಹಚ್ರಿ. ನಮ್ಮವ್ವ ಹರಳೆಣ್ಣಿ ದೀಪಕ್ಕ ತಾಟು ಡಬ್ಬ ಹಾಕಿ ಕಾಡಿಗಿ ಹಿಡೀತಿದ್ಲು. ಒಮ್ಮೆ ಹಚ್ಚಿದ್ರ ಮೂರು ದಿನ ಹೋಗಂಗಿಲ್ರಿ,” ಎಂದಳು.

ಐದು ದೀಪಕ್ಕೆ ಐದು ಸ್ಟೀಲು ತಟ್ಟೆ ಬೋರಲು ಹಾಕಿದರು. ಮಸಿ ಕೂರುವ ಮೊದಲು ಹೊಗೆ ಎದ್ದು ಮನೆಯ ಅಲಾರಂ ಹೊಡೆದುಕೊಳ್ಳತೊಡಗಿತು. ರಸ್ತೆಯಾಚೆಯವರು ನಾಯಿಸಮೇತ ಹೊರಬಂದು ನಿಂತರು. ವಿಜಯ್ ಕುಮಾರ್ ಕಸಬರಿಗೆಯ ಹಿಡಿಯಿಂದ ಅಲಾರಮ್ಮಿನ ಬಾಯಿ ಮುಚ್ಚಿಸುವಾಗ, ಸತೀಶ ಮಸಿಗೆ ತುಪ್ಪ ಕಲಸಿ ಕುದುರೆಗೆ ಬಳಿದ. ಕುದುರೆ ಕಪ್ಪಾದದ್ದು ನಿಜ. ಸತೀಶನ ಅಂಗಿ, ವಿಜಯ್ ಕುಮಾರನ ಮೂಗು, ಗ್ಯಾರೇಜಿನ ಬಾಗಿಲು, ನಾಯಿಯವರು ಕೈಕುಲುಕಿದ ಮೇಲೆ ಅವರ ಕೈ, ಎಲ್ಲವೂ ಕಪ್ಪಾದವು. ಮುಟ್ಟಿದರೆ ಬರುವ ಕಪ್ಪು ಯಾವ ಕೆಲಸಕ್ಕೆ ಬಂದೀತು? ನಮ್ಮವ್ವ ಹಚ್ಚುತ್ತಿದ್ದದ್ದು ಕಣ್ಣಿಗೆ, ಕುದುರೆಗಲ್ಲ ಎಂದು ಲತಾಶ್ರೀ ಜಾರಿಕೊಂಡಳು.

ಹನ್ನೊಂದೂವರೆ ಆಗಿತ್ತು. ಗಂಡ ಹೆಂಡಿರಲ್ಲಿ ಗಂಧಕ ಮೇಲೋ ಕಾಡಿಗೆ ಮೇಲೋ ಎಂಬ ಜಗಳ ಹತ್ತಿಕೊಂಡಿತು. ಸತೀಶ ಕುದುರೆಯನ್ನು ಎತ್ತಿಕೊಂಡು ಮನೆಗೆ ಬಂದು, ಇಂಟರ್ವ್ಯೂ ಕಾಲದ ಎರಡು ಬೂಟ್ ಪಾಲಿಶ್ ಡಬ್ಬಿ ಹುಡುಕಿದ, ಒಂದು ಕಂದು, ಒಂದು ಕಪ್ಪು. ಬಾತ್‌ರೂಮಿನ ಬಾಗಿಲು ಹಾಕಿ, ಮಸಿ ಒರೆಸಿ, ಹೆಂಡತಿಯ ಹೇರ್ ಡ್ರೈಯರಿನಿಂದ ಲೋಹವನ್ನು ಬಿಸಿ ಮಾಡುತ್ತ, ಬೆರಳಿನಿಂದ ಪಾಲಿಶ್ ತಿಕ್ಕತೊಡಗಿದ.

ತಿಕ್ಕುತ್ತ ಹೋದ ಹಾಗೆ ಹೊರಗಿನ ಸದ್ದು ದೂರವಾಯಿತು. ಬೆರಳು ತಾನಾಗಿಯೇ ಕತ್ತಿನಿಂದ ಇಳಿದು, ಭುಜವನ್ನು ಸುತ್ತಿ, ಪಕ್ಕೆಯ ತಗ್ಗಿಗೆ ಹೋಯಿತು. ಭುಜದ ಹಿಂದೆ ಒಂದು ಸಣ್ಣ ಗುಳಿ; ಅದರಲ್ಲಿ ಅವನ ಹೆಬ್ಬೆರಳು ಸರಿಯಾಗಿ ಕೂತಿತು. ಹಿಂದೊಂದು ಸಂಜೆ ಹಸಿಮಣ್ಣಿನ ಮೇಲೆ ಹೆಲೆನ್ ಇದೇ ಜಾಗದಲ್ಲಿ ಹೆಬ್ಬೆರಳು ಒತ್ತಿರಬೇಕು. ಕೈಗುರುತು ಬಣ್ಣದಲ್ಲಿರಲಿಲ್ಲ, ಇಲ್ಲಿತ್ತು. ಅವನಿಗೆ ಅಳು ಬಂತು. ಅತ್ತುಕೊಂಡೇ ಹಚ್ಚಿದ. ಕೊನೆಗೆ ನೋಡಿದರೆ ಬೆನ್ನು ಕಾಫಿಬೀಜದ ಕಂದು, ಕಾಲು ಕಪ್ಪು, ಮುಟ್ಟಿದರೆ ಕೈಗೆ ಹತ್ತುವುದಿಲ್ಲ. ಕಾಡಿಗೆ ಕಂಡ ಕಣ್ಣಿಗೆ ಇದು ಪವಾಡವಾಗಿ ಕಂಡಿತು. ಗಂಟೆ ಹನ್ನೆರಡೂ ಮುಕ್ಕಾಲು.

ಮೆಟ್ಟಿಲ ಬಳಿ ಲಲಿತಮ್ಮ ಸಿಕ್ಕರು. ಕುದುರೆಯನ್ನು ನೋಡಿ, ದಾರಿಗೆಂದು ಮೊಸರನ್ನದ ಡಬ್ಬಿ ಕೊಟ್ಟು ಒಳಗೆ ಹೋದರು. ಬೈದಿದ್ದರೆ ಸತೀಶನಿಗೆ ಹಗುರವಾಗುತ್ತಿತ್ತು.

ಕುದುರೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ. ಮೊಟ್ಟೆ, ತುಪ್ಪ, ಪಾಲಿಶ್ ಮೂರೂ ಸೇರಿದ ವಾಸನೆಗೆ ನಾಲ್ಕೂ ಕಿಟಕಿ ಇಳಿಸಬೇಕಾಯಿತು. ಗ್ಯಾರಿ ಊರಿನ ಕಾರ್ಖಾನೆಗಳು ದಾಟಿದವು, ಎಲ್ಲೋ ಒಂದೆಡೆ ಮಿಷಿಗನ್ ಸರೋವರದ ತಣ್ಣನೆ ಗಾಳಿ ಒಳಗೆ ನುಗ್ಗಿ ಹೋಯಿತು. ಆಮೇಲೆ ಮೈಲಿಗಟ್ಟಲೆ ಒಣಗಿ ನಿಂತ ಜೋಳ. ಸತೀಶ ಕುದುರೆಯ ಜೊತೆ ಮಾತಾಡುತ್ತ ಹೋದ. ಹಾಗೇ ಇದ್ದೆ ಅಂತ ಹೇಳು, ಏನೂ ಆಗಲಿಲ್ಲ ಅಂತ ಹೇಳು ಎಂದು ಅದಕ್ಕೆ ಹೇಳಿಕೊಟ್ಟ. ನಿಜಕ್ಕೂ ಹೇಳಿಕೊಡುತ್ತಿದ್ದದ್ದು ತನಗೇ.

ಕಲಮಜೂ ಊರು ದಾಟಿದ ಮೇಲೆ ಕಣ್ಣು ಎಳೆಯತೊಡಗಿ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ, ಹತ್ತು ನಿಮಿಷ ಎಂದು ಸೀಟು ಹಿಂದಕ್ಕೆ ಹಾಕಿದ. ಕನಸಿನಲ್ಲಿ ಜೋಳದ ಹೊಲದ ಅಂಚಿಗೆ ಒಂದು ನಲ್ಲಿ ಇತ್ತು. ಅವನು ಎಂದೂ ನೋಡಿರದ ಹೆಲೆನ್ ಅಲ್ಲಿ ನಿಂತು ಮೊಣಕೈವರೆಗಿನ ಜೇಡಿಮಣ್ಣನ್ನು ತೊಳೆದುಕೊಳ್ಳುತ್ತಿದ್ದರು. ಸಾಲಿನ ನಡುವೆ ಬಂಗಾರದ ಕುದುರೆ ಕಾಲು ಇಳಿಸಿ, ನಿಧಾನವಾಗಿ, ತೆನೆಗೆ ಮೈ ತಾಗಿಸದೆ ನಡೆದುಹೋಗುತ್ತಿತ್ತು. ಹೆಲೆನ್ ತಿರುಗಿ, ನಿನ್ನ ಕೈ ಯಾಕೆ ಕಪ್ಪು ಎಂದು ಅವನನ್ನು ಕೇಳಿದರು. ಅವನು ಎರಡೂ ಕೈ ಜೇಬಿಗೆ ಹಾಕಿದ. ಎಚ್ಚರವಾದಾಗ ಕೈ ಜೇಬಿನಲ್ಲೇ ಇತ್ತು, ಹತ್ತು ನಿಮಿಷ ನಲವತ್ತಾಗಿತ್ತು. ಇಲ್ಲಿಯ ಗಡಿಯಾರ ಬೇರೆ ಒಂದು ಗಂಟೆ ಮುಂದೆ.

ವಾರೆನ್‌ನ ಆ ಕೆಂಪು ಇಟ್ಟಿಗೆಯ ಒಂದಂತಸ್ತಿನ ಮನೆಯ ಮುಂದೆ ಇಳಿದಾಗ ಏಳೂವರೆ. ಊಟಕ್ಕೆ ಬಂದವರು ಕೇಕಿನ ಹೊತ್ತಿಗೆ ಕಾಯುತ್ತಿದ್ದರು. ಕೊವಾಲ್ಸ್ಕಿ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಇಸ್ತ್ರಿಯ ಅಂಗಿ ಹಾಕಿ, ತಲೆ ಬಾಚಿದ್ದರು. ಸತೀಶನ ಹೆಜ್ಜೆ ಸದ್ದಿಗೇ ಎದ್ದು ನಿಂತು ಎರಡು ಕೈಯನ್ನೂ ಮುಂದೆ ಚಾಚಿದರು. ಮಕ್ಕಳು ತಿಂಡಿಗೆ ಚಾಚುವ ಹಾಗಿತ್ತು ಅದು. ಟವೆಲ್ಲನ್ನು ಬಿಚ್ಚಿ ಸತೀಶ ಕುದುರೆಯನ್ನು ಆ ಕೈಗಳಲ್ಲಿಟ್ಟ. ಮುನ್ನೂರು ಮೈಲಿ ಅಭ್ಯಾಸ ಮಾಡಿದ ಮಾತು ಒಂದೇ ಉಸಿರಿನಲ್ಲಿ ಹೊರಗೆ ಬಂತು. ನೀವು ಹೇಗೆ ಕೊಟ್ಟಿದ್ದಿರೋ ಹಾಗೇ ಇದೆ, ನಾನು ಯಾರಿಗೂ ಮುಟ್ಟಲು ಕೊಡಲಿಲ್ಲ ಎಂದ.

ಮುದುಕ ಕುದುರೆಯನ್ನು ಮುಖದ ಹತ್ತಿರ ತಂದರು. ಬಾಗಿಲ ದೀಪದ ಕಡೆ ಹಿಡಿದರು, ಓರೆಯಾಗಿ ಹಿಡಿದರು. ಹಿಗ್ಗಿದ್ದ ಮುಖ ಮೆಲ್ಲಮೆಲ್ಲನೆ ಇಳಿದುಹೋಯಿತು. “ಹಾಗೇ ಇದೆಯಾ?” ಎಂದರು, ಅಷ್ಟೆ. ಅವನ ತೋಳು ಹಿಡಿದುಕೊಂಡು ಒಳಗೆ ನಡೆದರು.

ಒಳಗೆ ಗೋಡೆಯ ಮೇಲೆ ಅರುವತ್ತೈದು ಇಂಚಿನ ಟಿವಿ ಉರಿಯುತ್ತಿತ್ತು. ಅದರ ತುಂಬ ಕುದುರೆ. ಎಳೆಬಿಸಿಲಿನಲ್ಲಿ ಧಗಧಗ ಹೊಳೆಯುವ, ಹಣೆಗೆ ಕುಂಕುಮವಿಟ್ಟ, ಕತ್ತಿಗೆ ಸೇವಂತಿಗೆ ಸುತ್ತಿದ ಕುದುರೆ. ಟಿವಿಗೆ ಒಂದು ಅಡಿ ದೂರದಲ್ಲಿ ಮುದುಕನ ಆರಾಮಕುರ್ಚಿ ಇತ್ತು.

ವಿಷಯವನ್ನು ಹೇಳಿದವಳು ಮಗಳು. ಬೆಳಗ್ಗೆ ಏಳು ಗಂಟೆಗೇ, ಸತೀಶ ಇನ್ನೂ ಹಾಸಿಗೆಯಲ್ಲಿದ್ದಾಗ, ಲಲಿತಮ್ಮ ಮೊಮ್ಮಗಳಿಂದ ಕೋವಲಸ್ವಾಮಿಗಳಿಗೆ ಫೋಟೊ ಕಳಿಸಿದ್ದರು, ಹುಟ್ಟುಹಬ್ಬದ ಆಶೀರ್ವಾದ ಎಂದು ಬರೆಸಿ. ಮಗಳು ಅದನ್ನು ದೊಡ್ಡದು ಮಾಡಿ ಟಿವಿಗೆ ಹಾಕಿದ್ದಳು. ಅಪ್ಪನ ಕಣ್ಣು ಮೂರು ವರ್ಷದಿಂದ ಹೋಗುತ್ತಾ ಬಂದಿದೆ. ಕಾರು ಕಿತ್ತುಕೊಳ್ಳುತ್ತಾರೆಂದು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದರು. ಹೊಳೆಯುವುದು ಕಾಣುತ್ತದೆ, ಕಪ್ಪು ವಸ್ತು ಕಾಣುವುದೇ ಇಲ್ಲ.

“ಮೂರು ವರ್ಷದಿಂದ ಈ ಕುದುರೆ ನನಗೆ ಒಂದು ಕತ್ತಲೆಯ ತುಂಡು,” ಎಂದರು ಕೊವಾಲ್ಸ್ಕಿ. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಸತೀಶನಿಗೆ ಅದು ತನ್ನ ಅಜ್ಜ ಹೇಳಿದ ಹಾಗೆಯೇ ಕೇಳಿಸಿತು. “ಬೆಳಗ್ಗೆ ಟಿವಿಯಲ್ಲಿ ಅದರ ಕತ್ತು ಕಾಣಿಸಿತು, ಎತ್ತಿದ ಕಾಲು ಕಾಣಿಸಿತು. ಹೆಲೆನ್ ಇದನ್ನು ಮೊದಲ ಸಲ ಮನೆಗೆ ತಂದಾಗ ಹೀಗೇ ಹೊಳೆಯುತ್ತಿತ್ತು. ಆಮೇಲೆ ಗ್ಯಾರೇಜಿನಲ್ಲಿ ನನ್ನ ಸಿಗರೇಟಿನ ಹೊಗೆಗೆ ಕಪ್ಪಾಯಿತು. ತೊಳೆಯುತ್ತೇನೆ ತೊಳೆಯುತ್ತೇನೆ ಎಂದು ಅವಳಿಗೆ ಹೇಳುತ್ತಲೇ ಇದ್ದೆ. ಇವತ್ತು ಕೈಯಲ್ಲಿ ಹಿಡಿದು ನೋಡೋಣ ಎಂದು ಆರು ಗಂಟೆಯಿಂದ ಬಾಗಿಲಲ್ಲಿ ಕೂತಿದ್ದೆ.”

ಸತೀಶನಿಗೆ ನೆಲ ಬಾಯಿ ಬಿಟ್ಟರೆ ಒಳಗೆ ಇಳಿಯೋಣ ಎನ್ನಿಸಿತು. ಆ ಕಪ್ಪು ಅದರದಲ್ಲ, ನಾನೇ ಹಚ್ಚಿದ್ದು, ನಿಮಗೆ ಸುಳ್ಳು ಹೇಳಿದೆ ಎಂದು ತಲೆ ತಗ್ಗಿಸಿ ಒಪ್ಪಿಕೊಂಡ.

“ಗೊತ್ತು. ಮೊಟ್ಟೆ ವಾಸನೆ ಬರುತ್ತಿದೆ,” ಎಂದರು ಮುದುಕ.

ಮಗಳು ಅಡುಗೆಮನೆಯ ಸಿಂಕ್ ತೋರಿಸಿ, ಕೈಗೆ ಕೆಚಪ್ ಬಾಟಲಿ ಕೊಟ್ಟಳು. ಅಮ್ಮ ತಾ‌ಮ್ರದ ತಳದ ಬಾಣಲೆಗಳನ್ನು ಇದರಿಂದಲೇ ಉಜ್ಜುತ್ತಿದ್ದಳು ಎಂದಳು. ಸತೀಶ ಅಂಗಿಯ ತೋಳು ಮಡಿಸಿದ. ಅತ್ತೆಯ ಕೈಯಲ್ಲಿ ಅರ್ಧ ಗಂಟೆಗೆ ಹೊಳೆದ ಕಂಚು ಅಳಿಯನ ಕೈಗೆ ಬಗ್ಗಲಿಲ್ಲ. ಮೇಣದ ಪಾಲಿಶ್ಶು ಬಿಸಿಗೆ ಕರಗಿ ಲೋಹವನ್ನು ಕಚ್ಚಿಕೊಂಡಿತ್ತು, ಅದರಡಿಯಲ್ಲಿ ತುಪ್ಪ, ತುಪ್ಪದಡಿಯಲ್ಲಿ ಗಂಧಕ. ಆಚೆ ಹಾಡು ಹೇಳಿದರು, ಕೇಕು ಕತ್ತರಿಸಿದರು, ಒಬ್ಬೊಬ್ಬರಾಗಿ ಕಾರು ಹತ್ತಿ ಹೋದರು. ಹೋಗುವವರೆಲ್ಲ ಅಡುಗೆಮನೆಗೆ ಇಣುಕಿ, ಎಂಜಿನಿಯರ್ ಎಂದರಲ್ಲ, ಇವನೇನಾ ಎಂಬಂತೆ ನೋಡಿದರು. ಸತೀಶ ಕುದುರೆಯ ಒಂದು ಕಿವಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜುತ್ತಲೇ ಇದ್ದ. ಬೆರಳು ಸಿಪ್ಪೆ ಎದ್ದಿತು. ಕೊನೆಗೆ ಕಿವಿ ಹೊಳೆಯಿತು.

ಅದನ್ನು ಒರೆಸಿ ತಂದು ಆರಾಮಕುರ್ಚಿಯ ಪಕ್ಕದ ದೀಪದ ಕೆಳಗೆ ಹಿಡಿದ. ಕೊವಾಲ್ಸ್ಕಿ ಮುಂದೆ ಬಾಗಿದರು. ಬಹಳ ಹೊತ್ತು ನೋಡಿದರು.

“ಕಾಣಿಸುತ್ತಿದೆ,” ಎಂದರು. “ಎಡಗಿವಿ. ಸ್ವಲ್ಪ ದೊಡ್ಡದಾಯಿತು ಎಂದು ಕೊನೆಯವರೆಗೂ ಗೊಣಗುತ್ತಿದ್ದಳು. ಸರಿಯಾಗೇ ಇದೆ.”

ಕತ್ತಲ ನಡುವೆ ಒಂದು ಚಿಕ್ಕ ಬಂಗಾರದ ಕಿವಿ, ಯಾರದೋ ಮಾತು ಕೇಳಿಸಿಕೊಳ್ಳುತ್ತಿರುವಂತೆ ನಿಮಿರಿ ನಿಂತಿತ್ತು. ಮುದುಕ, ಹೆಲೆನ್ ಇದಕ್ಕೆ ಹನ್ನೊಂದು ತಿಂಗಳು ತೆಗೆದುಕೊಂಡಿದ್ದಳು, ಅವಸರವೇನೂ ಇಲ್ಲ, ಮುಂದಿನ ಶನಿವಾರ ಬಂದು ಇನ್ನೊಂದು ಕಿವಿ ಮಾಡು ಎಂದರು. ಅದಾದ ಮೇಲೆ ಮೂತಿ, ಆಮೇಲೆ ಕತ್ತು.

ಸತೀಶನ ಮನಸ್ಸಿನಲ್ಲಿ ಕುದುರೆ ಇದ್ದಕ್ಕಿದ್ದಂತೆ ಬಹಳ ಉದ್ದವಾಯಿತು. ಹೋಗಿ ಬರಲು ಆರುನೂರು ಮೈಲಿ, ಪ್ರತಿ ಶನಿವಾರ. ಮೆತ್ತಗೆ ಒಂದು ಮಾತು ಹೇಳಿ ನೋಡಿದ. ಇದನ್ನು ಒಂದೇ ಒಂದು ಸಲ ನೇಪರ್‌ವಿಲ್‌ಗೆ ಒಯ್ಯುತ್ತೇನೆ, ನಮ್ಮ ಅತ್ತೆ ಹತ್ತು ನಿಮಿಷದಲ್ಲಿ ಪೂರ್ತಿ ಬೆಳಗಿ ಕೊಡುತ್ತಾರೆ.

ಕೊವಾಲ್ಸ್ಕಿ ಕುದುರೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಮಗಳಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

“ಅವರಿಗೆ ಮಾತ್ರ ಕೊಡಬೇಡ. ಹತ್ತೇ ನಿಮಿಷದಲ್ಲಿ ಮುಗಿಸಿಬಿಡುತ್ತಾರೆ.”